ದೇವರ ಬಟ್ಟಲಿನ ತಿರಾಮಿಸು

ನಮ್ಮ ಕಾಕಾ ಈ ಕಥೆ ಹೇಳಿದಾಗಲೆಲ್ಲ ಜನ ಬಿದ್ದು ಬಿದ್ದು ನಗುತ್ತಾರೆ. ಹಳಿಯಾಳದ ತನ್ನ ಟೈರಿನ ಅಂಗಡಿಯ ಮುಂದೆ ಹೇಳಿದ್ದಾನೆ, ಸಾಂಬ್ರಾಣಿ ಊರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಕಾಯುತ್ತ ಹೇಳಿದ್ದಾನೆ, ಯಾರದೋ ಮನೆಯ ಬಸುರಿಯ ಕುಬಸದ ಊಟದಲ್ಲಿ ಗಂಡಸರ ಪಂಕ್ತಿಯಲ್ಲಿ ಕೂತು ಹೇಳಿದ್ದಾನೆ. ಅವನ ಕಥೆ ಶುರುವಾಗುವುದು ಅವನು ದೇವರ ಜಗಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಲ್ಲಿಂದ, ಮುಗಿಯುವುದು ಅವನ ಹೊಟ್ಟೆನೋವಿನಲ್ಲಿ. ನನ್ನ ತಕರಾರು ಇಷ್ಟೇ: ಕಥೆ ಅಲ್ಲಿ ಶುರುವಾಗಲಿಲ್ಲ, ಅಲ್ಲಿ ಮುಗಿಯಲೂ ಇಲ್ಲ. ನಡುವಿನ ಒಂದು ತುಂಡನ್ನು ಕತ್ತರಿಸಿ ಬಡಿಸಿ, ಇದೇ ಪೂರ್ತಿ ಊಟ ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಮೊದಲಿಗಿರುವವಳು ನನ್ನ ಅಕ್ಕ. ಪಣಜಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಸಿಹಿತಿನಿಸಿನ ವಿಭಾಗದಲ್ಲಿ ಕೆಲಸ ಮಾಡಿದವಳು. ಆ ಹೋಟೆಲು ಮುಚ್ಚಿದ ಮೇಲೆ ಒಂದು ಸೂಟ್‌ಕೇಸು, ಒಂದು ಚಿಕ್ಕ ಓವನ್ನು ಹಿಡಿದುಕೊಂಡು ಮನೆಗೆ ಬಂದಳು. ಬಂದವಳನ್ನು ಮನೆ ಬಹಳ ಪ್ರೀತಿಯಿಂದ ರೊಟ್ಟಿಯ ಕಲ್ಲಿನ ಮುಂದೆ ಕೂರಿಸಿತು. ಯಾರಾದರೂ ನೆಂಟರು ಬಂದರೆ, "ಗೋವಾದಾಗ ಏನ್ ಕಲ್ತು ಬಂದೀಯವಾ?" ಎಂದು ಕೇಳುವುದು, ಅವಳು ಬಾಯಿ ತೆಗೆಯುವಷ್ಟರಲ್ಲಿ ಕಾಕಾ, "ಮೈದಾಹಿಟ್ಟು ಹಾಳ ಮಾಡೂದು" ಎನ್ನುವುದು, ಎಲ್ಲರೂ ನಗುವುದು. ಎರಡು ವರ್ಷ ಈ ಒಂದೇ ಜೋಕಿನ ಮೇಲೆ ನಮ್ಮ ಮನೆ ನಡೆಯಿತು.

ಹೋದ ವರ್ಷ ಜೋಯಿಡಾ ಕಡೆ, ಕಾಳಿ ನದಿಯ ದಂಡೆಯ ಒಂದು ರಿಸಾರ್ಟಿನ ಮ್ಯಾನೇಜರು ಅವಳನ್ನು ಕರೆದು ಮಾತಾಡಿದರು. ಅವರ ಕಷ್ಟ ವಿಚಿತ್ರವಾಗಿತ್ತು. ವಾರಾಂತ್ಯಕ್ಕೆ ಬರುವವರಲ್ಲಿ ಅರ್ಧಕ್ಕರ್ಧ ಹುಬ್ಬಳ್ಳಿ, ಬೆಳಗಾವಿಯ ಶಾಕಾಹಾರಿ ಮನೆಗಳವರು. ಮೆನುವಿನಲ್ಲಿ ತಿರಾಮಿಸು, ಅಂದರೆ ಕಾಫಿಯಲ್ಲಿ ಅದ್ದಿದ ಬಿಸ್ಕೀಟಿನ ಮೇಲೆ ಕೆನೆ ಪೇರಿಸಿದ ಇಟಲಿಯ ಸಿಹಿ, ಎಂದು ನೋಡಿ ಆಸೆಪಡುತ್ತಾರೆ, "ತತ್ತಿ ಹಾಕ್ತೀರೇನ್ರಿ?" ಎಂದು ಕೇಳುತ್ತಾರೆ, ಹೌದು ಅಂದ ಕೂಡಲೇ ಐಸ್‌ಕ್ರೀಮು ಹೇಳುತ್ತಾರೆ. ಮೊಟ್ಟೆ ಇಲ್ಲದೆ, ಮದ್ಯ ಇಲ್ಲದೆ, ಆದರೂ ತಿರಾಮಿಸು ಅನ್ನಿಸುವಂಥದ್ದನ್ನು ಮಾಡಿ ತರುತ್ತೀರಾ? ಶನಿವಾರ ಮಧ್ಯಾಹ್ನ ಮಾಲೀಕರು ಬರುತ್ತಾರೆ, ರುಚಿ ನೋಡುತ್ತಾರೆ. ಒಪ್ಪಿದರೆ ಸಿಹಿತಿನಿಸಿನ ವಿಭಾಗ ನಿಮ್ಮದು.

ಅಕ್ಕ, "ತತ್ತಿ ಇರಂಗಿಲ್ಲ, ಸೆರೆ ಇರಂಗಿಲ್ಲ, ನನ್ನ ಮಾತು" ಎಂದು ಹೇಳಿ ಬಂದಳು. ನಾನೂ ಜೊತೆಗೆ ಹೋಗಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತು, ದಾಂಡೇಲಿ ಬರುವ ತನಕ ತೊಡೆಯ ಮೇಲೆ ಬೆರಳಿನಿಂದ ಪದರು ಲೆಕ್ಕ ಹಾಕುತ್ತಿದ್ದಳು. ಎರಡು ವರ್ಷದಲ್ಲಿ ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ನೋಡಿರಲಿಲ್ಲ.

ಮನೆಯಲ್ಲಿ ಒಪ್ಪಿಗೆ ಸಿಕ್ಕಿತು, ಷರತ್ತಿನ ಮೇಲೆ. ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು, ಮನೆಯಲ್ಲಿದ್ದಾಗ ಮಲಗಿರುತ್ತಾನೆ. ಆದ್ದರಿಂದ ಷರತ್ತು ಹಾಕುವ ಅಧಿಕಾರ ಅವನ ತಮ್ಮ, ಅಂದರೆ ಇದೇ ಕಾಕಾ, ತಾನೇ ತೆಗೆದುಕೊಂಡಿದ್ದಾನೆ.

"ತತ್ತಿ ಹೊಸ್ತಿಲಾ ದಾಟಬಾರದು ನೋಡವಾ. ಲಿಂಗಾ ಕಟ್ಟಿದ ಮನಿ ಇದು" ಎಂದ.

ದಾಂಡೇಲಿ ಬಸ್‌ಸ್ಟ್ಯಾಂಡಿನ ಬಳಿಯ ಗಾಡಿಯವನು ಇವನನ್ನು ದೂರದಿಂದ ಕಂಡ ಕೂಡಲೇ ಎಗ್‌ರೈಸಿಗೆ ಬಾಣಲೆ ಕಾಯಲಿಡುತ್ತಾನೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದಿನ ಖೋಲಿಯಲ್ಲಿ, ಅವನ ಮೋಟರ್‌ಸೈಕಲ್ಲು, ಹಳೆಯ ಟೈರು, ಹೊಲಕ್ಕೆ ಔಷಧಿ ಹೊಡೆಯುವ ಪಂಪು ಇಡುವ ಜಾಗದಲ್ಲಿ, ಪಂಪಿನ ಹಿಂದೆ ಒಂದು ರಮ್ಮಿನ ಬಾಟಲಿ ಇರುತ್ತದೆ. ಇದೂ ಎಲ್ಲರಿಗೂ ಗೊತ್ತು. ಗೊತ್ತಿದೆ ಎಂದು ಬಾಯಿ ಬಿಡದಿರುವುದನ್ನೇ ನಮ್ಮ ಮನೆಯಲ್ಲಿ ಆಚಾರ ಎಂದು ಕರೆಯುತ್ತಾರೆ.

ಓವನ್ನಿನ ವಿಚಾರಣೆ ಬೇರೆ ನಡೆಯಿತು. ಅವ್ವ ಅದನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ಸುತ್ತಲೂ ಒಂದು ಸುತ್ತು ಹಾಕಿದಳು.

"ಗೋವಾದಾಗ ಇದರಾಗ ತತ್ತಿ ಹಾಕಿದ್ದು ಬೇಸೀಯೇನ?"

"ಓವನ್ನಿಗೆ ಏನ್ ಹೊಟ್ಟಿ ಐತೇನವಾ, ತಿಂದದ್ದು ನೆನಪಿಟಗೊಳ್ಳಾಕ?" ಎಂದೆ ನಾನು.

"ನಿನಗ ಕೇಳಿಲ್ಲ ನಾ."

ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಬಿಸಿಲಿಗಿಟ್ಟಳು, ಕೊನೆಗೆ ಅದರ ನೆತ್ತಿಯ ಮೇಲೆ ಮೂರು ಬೆರಳು ವಿಭೂತಿ ಎಳೆದು ಒಳಗೆ ಬಿಟ್ಟಳು. ಲಿಂಗಧಾರಣೆಯೊಂದು ಬಾಕಿ ಇತ್ತು.

ಅಕ್ಕ ಯಾವುದಕ್ಕೂ ಎದುರಾಡಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಲೆ, ವಾದ ಅಲ್ಲ. ತತ್ತಿಯ ಬದಲು ಮೊಸರು, ಸೋಡಾ ಹಾಕಿ ಕೇಕು ಬೇಯಿಸಿ, ಬೆರಳಿನಗಲ ಸೀಳಿ, ಮತ್ತೆ ಓವನ್ನಿನಲ್ಲಿಟ್ಟು ಗರಿಗರಿ ಬಿಸ್ಕೀಟು ಮಾಡಿದಳು. ಗೌಳಿ ದೊಡ್ಡಿಯಿಂದ ಹಾಲು ಹಾಕುವ ಹೆಂಗಸಿಗೆ ಮೊದಲೇ ಹೇಳಿ ಎಮ್ಮೆಹಾಲಿನ ಕೆನೆ ಕೂಡಿಸಿದ್ದಳು. ಗುರುವಾರ ಅದನ್ನು ಸಣ್ಣ ಉರಿಯ ಮೇಲೆ ಬಿಸಿ ಮಾಡಿ, ನಿಂಬೆರಸ ಹಿಂಡಿ, ದಪ್ಪಗಾದ ಮೇಲೆ ಬಟ್ಟೆಯಲ್ಲಿ ಸೋಸಲು ಫ್ರಿಜ್ಜಿನಲ್ಲಿಟ್ಟಳು. ಒಂದು ರಾತ್ರಿ ಕಳೆದರೆ ನೀರೆಲ್ಲ ಇಳಿದು ಬೆಣ್ಣೆಯಂಥ ಗಿಣ್ಣು ಉಳಿಯುತ್ತದೆ. ನನ್ನ ಅಜ್ಜಿಗೆ, ನಾವು ಆಯಿ ಅನ್ನುತ್ತೇವೆ, ಇದರಲ್ಲಿ ಹೊಸದೇನೂ ಕಾಣಲಿಲ್ಲ.

"ಚಕ್ಕಾ ಕಟ್ಟೂದಲ್ಲೇನ ಇದು? ಶ್ರೀಖಂಡಕ್ಕ ನಾವು ಕಟ್ಟಂಗಿಲ್ಲೇನ? ಅಲ್ಲಿ ಗೂಟ ಐತಿ, ತೂಗ ಹಾಕು. ಆ ತಂಪಿನ ಪೆಟಗ್ಯಾಗ ಯಾಕ ಇಡ್ತಿ?"

"ಹುಳಿ ಬರತೈತಿ ಆಯಿ."

"ಯಾಲಕ್ಕಿ ಹಾಕೀಯಲ್ಲ?"

"ಇದಕ್ಕ ಯಾಲಕ್ಕಿ ಹಾಕಂಗಿಲ್ಲ."

"ಯಾಲಕ್ಕಿ ಇಲ್ಲದ್ದು ಸಿಹಿ ಹೆಂಗಾಕೈತಿ? ಬರೇ ಸಕ್ಕರಿ ಆಕೈತಿ" ಎಂದು ಆಯಿ ತನ್ನ ಕೋಣೆಗೆ ಹೋದಳು.

ಕಾಫಿಯದ್ದು ಇನ್ನೊಂದು ಪಾಡು. ನಾವು ಚಹಾದ ಜನ. ನಮ್ಮ ಮನೆಯಲ್ಲಿ ಕಾಫಿ ಎಂದರೆ ಜ್ವರ ಬಂದಾಗ ಸುಂಠಿ ಹಾಕಿ ಕುದಿಸುವ ಕಷಾಯದ ದೂರದ ನೆಂಟ. ಅಂಬಿಕಾನಗರದ ವಿದ್ಯುತ್ ಕಾಲೊನಿಯಲ್ಲಿ ಮೈಸೂರು ಕಡೆಯ ಮನೆಗಳಿವೆ, ಅಕ್ಕನ ಗೆಳತಿಯೊಬ್ಬಳ ತಾಯಿಯ ಹತ್ತಿರ ಫಿಲ್ಟರು, ಚಿಕೋರಿ ಬೆರೆಸದ ಪುಡಿ ಎರಡನ್ನೂ ಬೇಡಿ ತಂದೆವು. ಶುಕ್ರವಾರ ಬೆಳಿಗ್ಗೆ ಅಕ್ಕ ಇಳಿಸಿದ ಡಿಕಾಕ್ಷನ್ನು ಎಷ್ಟು ಕಪ್ಪಗಿತ್ತೆಂದರೆ ಅವ್ವ ಇಣುಕಿ ನೋಡಿ, "ಕೂದಲಿಗೆ ಹಚ್ಚೂದೇನ?" ಎಂದಳು. ಅಕ್ಕ ಅದನ್ನು ಅಗಲವಾದ ತಟ್ಟೆಗೆ ಹಾಕಿ ಪಡಸಾಲೆಯ ಕಿಟಕಿಯ ಪಕ್ಕ ಆರಲು ಇಟ್ಟಳು. ಆ ಹೊತ್ತಿಗೆ ಅವಳಿಗೆ ಅಡುಗೆಮನೆಯಲ್ಲಿ ಕೆನೆ ಕಡೆಯುವುದಿತ್ತು, ನಾನು, ಅವ್ವ ಹಿತ್ತಲಿನಲ್ಲಿದ್ದೆವು. ತಟ್ಟೆಯನ್ನು ಯಾರೂ ಕಾಯುತ್ತಿರಲಿಲ್ಲ. ಕಾಫಿಯನ್ನು ಮನೆಯವರಿಂದಲೇ ಕಾಯಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಆಮೇಲೆ ಜೋಡಿಸುವ ಕೆಲಸ, ಮನೆತುಂಬ ಡಿಕಾಕ್ಷನ್ನಿನ ಘಾಟು. ಬಿಸ್ಕೀಟು ಕಾಫಿಯಲ್ಲಿ ಹೀಗೆ ಮುಳುಗಿ ಹಾಗೆ ಏಳಬೇಕು. ನಮ್ಮ ಮನೆಯಲ್ಲಾದರೋ ಟೋಸ್ಟು ಎಂದರೆ ಚಹಾದಲ್ಲಿ ಅದ್ದಿ, ಬಾಗುವ ತನಕ ಕಾದು, ಕಡಿದು ಕಪ್ಪಿನೊಳಗೆ ಬೀಳುವ ಮುಂಚೆ ಬಾಯಿಗೆ ಹಾಕಿಕೊಳ್ಳುವ ಸಾಹಸ. ಅವ್ವ ಅದ್ದಿದ ಮೊದಲನೆಯದು ಕೈಯಲ್ಲೇ ಕರಗಿತು. "ಒಳಗ ಇನ್ನೂ ಗಟ್ಟಿ ಇತ್ತಲ್ಲ" ಎಂದು ವಾದಿಸಿದಳು. ಅಕ್ಕ ಅವಳ ಮಣಿಕಟ್ಟು ಹಿಡಿದು ತಾನೇ ಅದ್ದಿಸಿ ತೆಗೆಸಿದಳು, ನಾವು ಅಕ್ಷರ ತಿದ್ದುವಾಗ ಅವ್ವ ನಮ್ಮ ಕೈ ಹಿಡಿಯುತ್ತಿದ್ದಳಲ್ಲ, ಹಾಗೆ. ಒಂದು ಪದರು ಬಿಸ್ಕೀಟು, ಅದರ ಮೇಲೆ ಕೆನೆ, ಮತ್ತೆ ಬಿಸ್ಕೀಟು, ಮತ್ತೆ ಕೆನೆ. ಮೇಲೆ ಚಹಾ ಸೋಸುವ ಜಾಲರಿಯಿಂದ ಕೋಕೋ ಪುಡಿ ಉದುರಿಸಿದಳು. ಟ್ರೇ ತುಂಬುವ ಮೊದಲು ಅಕ್ಕ ಒಂದು ಸ್ಟೀಲಿನ ಬಟ್ಟಲಿಗೆ ಅದೇ ಕ್ರಮದಲ್ಲಿ ಸಣ್ಣದೊಂದನ್ನು ಕಟ್ಟಿಟ್ಟಿದ್ದಳು. ಅದು ಆಯಿಯ ದೇವರಿಗೆ.

ನಮ್ಮ ಮನೆಯಲ್ಲಿ ಹೊಸ ಸಿಹಿ ಏನೇ ಮಾಡಿದರೂ ಮೊದಲು ಶಿವನಿಗೆ ಎಡೆ ಹಿಡಿಯಬೇಕು, ಅಲ್ಲಿಯ ತನಕ ಯಾರೂ ರುಚಿ ನೋಡುವಂತಿಲ್ಲ. ಎಡೆ ಹಿಡಿದ ಮೇಲೆ ಆ ಒಲೆಯಲ್ಲಿ ಆದದ್ದೆಲ್ಲ ಪ್ರಸಾದ. ಪ್ರಸಾದವನ್ನು ಚೆಲ್ಲುವಂತಿಲ್ಲ, ಎಂಜಲು ಬಿಡುವಂತಿಲ್ಲ, ಬೆರಳಲ್ಲಿ ಸವರಿ ತಿಂದು ತಟ್ಟೆ ತೊಳೆದು ಆ ನೀರನ್ನೂ ಕುಡಿಯುವವಳು ನಮ್ಮ ಆಯಿ. ನನಗೆ ಇದರಲ್ಲಿ ಯಾವ ನಂಬಿಕೆಯೂ ಇಲ್ಲ ಎಂಬುದು ಮನೆಗೆ ಗೊತ್ತು. ಆಯಿಗೆ ಅದರಿಂದ ಬೇಸರವೂ ಇಲ್ಲ. "ನೀ ನಂಬಲಿಲ್ಲಂದ್ರ ಶಿವಗ ಊಟ ಕಡಿಮಿ ಆಗಂಗಿಲ್ಲ" ಎನ್ನುತ್ತಾಳೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಆಯಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದಳು, ಬಟ್ಟಲನ್ನು ಎಡೆ ಹಿಡಿದಳು, ಕಣ್ಣು ಮುಚ್ಚಿ ಒಂದು ಚಮಚ ತಿಂದಳು. ನಿಧಾನವಾಗಿ ಇನ್ನೊಂದು ತಿಂದಳು.

"ಕಾಫಿ ಅಂದ್ರ ಹಿಂಗಿರತೈತೇನ? ಘಮ್ ಅಂತೈತಲ್ಲ! ಯಾಲಕ್ಕಿ ಬೇಕಾಗಿಲ್ಲ ಬಿಡವಾ, ನೀ ಅಂದದ್ದು ಖರೆ" ಎಂದಳು.

ಅಕ್ಕನ ಕಣ್ಣಲ್ಲಿ ನೀರು ಬಂತು. ಬಟ್ಟಲಲ್ಲಿ ಉಳಿದದ್ದನ್ನು ಆಯಿ ನನ್ನ ಕೈಗೆ ಹಾಕಿದಳು. ಪ್ರಸಾದವೆಂದಲ್ಲ, ತಿರಾಮಿಸು ಎಂದು ನಾನು ಬಾಯಿಗಿಟ್ಟೆ.

ನಾಲಿಗೆಯ ಮೇಲೆ ಹಿಂದಿನ ಖೋಲಿ ಬಂತು. ಟೈರಿನ ರಬ್ಬರು, ಪೆಟ್ರೋಲು ಬಿಟ್ಟರೆ ಆ ಖೋಲಿಯಲ್ಲಿ ಉಳಿಯುವ ವಾಸನೆ ಯಾವುದೋ ಅದು: ರಮ್ಮು. ಕಾಫಿಯನ್ನೇ ಕುಡಿಯದ ಆಯಿ, ಕಾಫಿಯೇ ಹೀಗಿರುತ್ತದೆ ಎಂದುಕೊಂಡಿದ್ದಳು.

ಕಾಕಾ ಹಿತ್ತಲಿನಲ್ಲಿ ಗಾಡಿ ಒರೆಸುತ್ತಿದ್ದ.

"ಕಾಫಿಯೊಳಗ ಏನ್ ಹಾಕೀಪಾ?" ಎಂದೆ.

ಅವನಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು. "ಗೊತ್ತಾತೇನ? ಭಾರಿ ಆಗಿರಬೇಕಲ್ಲ? ಒರಿಜಿನಲ್‌ದಾಗ ಇರತೈತಿ ಅದು, ಮೊಬೈಲ್‌ನ್ಯಾಗ ನೋಡೇನಿ. ನಿಮ್ಮಕ್ಕ ಬರೇ ಕಾಫಿ ಹಾಕಾಕತ್ತಿದ್ಲು. ಆ ರಿಸಾರ್ಟಿನವರು ತಿಂದು, ಇದೇನ್ರಿ, ಚಹಾ ಟೋಸ್ಟ ತಂದೀರಿ ಅಂದಿದ್ರ? ಮರ್ಯಾದಿ ಉಳಿಸೀನಿ ನಾ."

"ತತ್ತಿ ಹೊಸ್ತಿಲಾ ದಾಟಬಾರದು ಅಂದವ ನೀನ ಅಲ್ಲ?"

"ತತ್ತಿ ಬ್ಯಾರೆ. ಅದು ಜೀವ. ಇದು ಕಬ್ಬಿನ ಹಾಲು. ನಮ್ಮ ಹೊಲದಾಗ ಬೆಳೆಯೂದ."

ಧಾರವಾಡದಲ್ಲಿ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರ ಮೊದಲ ಪಾಠ ಒಂದಿತ್ತು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಹೇಳು, ಆಮೇಲೆ ಕೆಡವು. ಸರಿ, ಕಾಕಾನ ಪರವಾಗಿ ನಾನೇ ಹೇಳುತ್ತೇನೆ. ಮೂಲ ಪಾಕದಲ್ಲಿ ಸೆರೆ ಇರುತ್ತದೆ, ನಿಜ. ಅವನು ಕೆಡಿಸಬೇಕೆಂದು ಹಾಕಲಿಲ್ಲ, ಅದೂ ನಿಜ. ರುಚಿ ಹೆಚ್ಚಾಯಿತು, ಆಯಿಯೇ ಸಾಕ್ಷಿ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಅಲ್ಲಾಡದೆ ನಿಂತಿದೆ: ಕೇಳಬಹುದಿತ್ತಲ್ಲ? ಅಕ್ಕ ಅಡುಗೆಮನೆಯಲ್ಲೇ ಇದ್ದಳು. ಬಾಯಿ ತೆರೆದು ಒಂದು ಮಾತು ಕೇಳಿದ್ದರೆ "ಬ್ಯಾಡ" ಎನ್ನುತ್ತಿದ್ದಳು. ಆ ಉತ್ತರ ಗೊತ್ತಿದ್ದದ್ದರಿಂದಲೇ ಅವನು ಕೇಳಲಿಲ್ಲ. ಕೆಲಸ ಬಲ್ಲವಳು ಅವಳು, ಬಾಟಲಿ ಇದ್ದವನು ಇವನು, ಮತ್ತು ಬಾಟಲಿ ಗೆದ್ದಿತು. ಇನ್ನು ಆಯಿ. ನಾನು ದೇವರನ್ನು ನಂಬುವುದಿಲ್ಲ, ಆದರೆ ಎಂಬತ್ತು ದಾಟಿದ ಒಬ್ಬ ಹೆಂಗಸು ತನ್ನ ಬಾಯಿಗೆ ಏನು ಹೋಗಬಾರದು ಎಂದು ಜೀವನವಿಡೀ ಕಾದುಕೊಂಡು ಬಂದದ್ದನ್ನು ನಂಬುತ್ತೇನೆ. ಅದನ್ನು ಇವನು ಎರಡು ಮುಚ್ಚಳ ರಮ್ಮಿನಲ್ಲಿ ಕೆಡವಿದ್ದ.

ಇದನ್ನೆಲ್ಲ ನಾನು ಹೇಳಿದೆ, ಇದಕ್ಕಿಂತ ಜೋರಾಗಿ. ಅವ್ವ ಓಡಿ ಬಂದಳು.

"ಸಣ್ಣ ದನಿಲೇ ಮಾತಾಡ್ರಿ! ಆಯಿ ಕೇಳ್ಯಾಳು!"

"ಕೇಳಲಿ."

"ಕೇಳಿದ್ರ ಎದಿ ಒಡಕೊಂಡ ಸಾಯ್ತಾಳ ಆಕಿ. ಆದದ್ದು ಆತು. ಬಾಯಿ ಮುಚ್ಚ."

"ಕೇಸ್ ಖಲಾಸ್, ವಕೀಲಬಾಯಿ" ಎಂದ ಕಾಕಾ, ಗಾಡಿಯ ಕನ್ನಡಿ ಒರೆಸುತ್ತ. "ನಾಳಿ ನಾನ ಗಾಡಿ ಮ್ಯಾಲ ಟ್ರೇ ಮುಟ್ಟಸ್ತೀನಿ. ನಾವು ಹೇಳಲಿಲ್ಲಂದ್ರ ಯಾರಿಗೂ ತಿಳಿಯಂಗಿಲ್ಲ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಟ್ರೇಯ ಮೂಲೆಯಿಂದ ಚಮಚದಲ್ಲಿ ಸ್ವಲ್ಪ ತೆಗೆದು ರುಚಿ ನೋಡಿದ್ದಳು, ಚಮಚ ಇನ್ನೂ ಕೈಯಲ್ಲಿತ್ತು.

"ತತ್ತಿ ಇಲ್ಲ, ಸೆರೆ ಇಲ್ಲ ಅಂತ ಮಾತು ಕೊಟ್ಟ ಬಂದಿದ್ದೆ ಕಾಕಾ" ಎಂದಳು. ಅಷ್ಟೇ. ತಿರುಗಿ ನೇರವಾಗಿ ಆಯಿಯ ಕೋಣೆಗೆ ಹೋದಳು. ಅವ್ವ ಸೆರಗು ಹಿಡಿದು ಜಗ್ಗಿದರೂ ನಿಲ್ಲಲಿಲ್ಲ. "ಆಯಿ, ನೀ ತಿಂದದ್ದರಾಗ ಸೆರೆ ಇತ್ತು. ನನಗ ಗೊತ್ತಿರಲಿಲ್ಲ. ಕಾಕಾ ಹಾಕ್ಯಾನ" ಎಂದು ಅವಳು ಹೇಳಿದ್ದು ಹಿತ್ತಲಿಗೂ ಕೇಳಿಸಿತು.

ಆಯಿ ಸಾಯಲಿಲ್ಲ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸುವ ಸದ್ದು ಬಂತು, ತಣ್ಣೀರು ಸುರಿದುಕೊಳ್ಳುವ ಸದ್ದು ಬಂತು. ಬೇರೆ ಸೀರೆ ಉಟ್ಟು, ಹಣೆಗೆ ಹೊಸ ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದು ಮಗನನ್ನು ಕರೆದಳು.

"ಔಷಧಿ ಪಂಪಿನ ಹಿಂದಿಂದು ಹಾಕ್ದೇನ?"

ಕಾಕಾ ತಲೆ ತಗ್ಗಿಸಿದ. ಜಾಗ ಸಮೇತ ಆಯಿಗೂ ಗೊತ್ತಿತ್ತು. ಯಾರ ಎದೆ ಒಡೆಯುತ್ತದೆ ಎಂದು ನಾವು ಇಷ್ಟು ವರ್ಷ ಪಿಸುಗುಟ್ಟಿದ್ದೆವೋ, ಅವಳೂ ನಮ್ಮ ಜೊತೆಗೇ ಸುಮ್ಮನಿದ್ದಳು.

"ಟ್ರೇ ಚೆಲ್ಲಿಬಿಡೂಣೇನ್ರಿ ಅತ್ತಿ?" ಎಂದಳು ಅವ್ವ.

"ಶಿವಗ ಎಡಿ ಹಿಡಿದದ್ದು ಚೆಲ್ಲತೀಯಾ? ಬುದ್ಧಿ ಐತೋ ಇಲ್ಲೋ? ಅದು ಮನಿ ದಾಟಿ ಹೋಗಂಗಿಲ್ಲ, ಮಾರೂದಂತೂ ಇಲ್ಲ. ಸೆರೆ ಹಾಕಿದವ ತಿಂತಾನ." ಕಾಕಾನ ಕಡೆ ತಿರುಗಿದಳು. "ಕುಂಡ್ರು."

"ಪೂರಾನ?"

"ಪೂರಾ. ಬೆರಳಲೇ ಸವರಿ. ಮೂಲಿ ಬಿಡಬ್ಯಾಡ."

ಕಾಕಾನ ಕಥೆ ಶುರುವಾಗುವುದು ಇಲ್ಲಿಂದ. ಇಡೀ ರಿಸಾರ್ಟಿನ ಪಂಕ್ತಿಗೆ ಆಗುವಷ್ಟಿದ್ದ ಟ್ರೇಯನ್ನು ಅವನು ದೇವರ ಜಗಲಿಯ ಮುಂದೆ ಕೂತು ತಿಂದ. ಮೊದಲು ಚಪ್ಪರಿಸಿದ, "ಶಿಕ್ಷಾ ಅಂದ್ರ ಹಿಂಗಿರಬೇಕ ನೋಡ" ಎಂದ. ಅರ್ಧಕ್ಕೆ ಬರುವಷ್ಟರಲ್ಲಿ ಬೆವರತೊಡಗಿದ. ಆಮೇಲೆ ಅವ್ವನ ಮುಖ ನೋಡಿದ, ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಒಂದ ಸ್ವಲ್ಪ ನೀರು" ಎಂದ. "ತಿಂದ ಮ್ಯಾಲ" ಎಂದಳು ಆಯಿ. ಪಾಳಿ ಮುಗಿಸಿ ಬಂದ ಅಪ್ಪ ಚಪ್ಪಲಿ ಬಿಡುವುದನ್ನೂ ಮರೆತು ನಿಂತು ನೋಡಿದ.

ನಾನು ಅಕ್ಕನನ್ನು ನೋಡುತ್ತಿದ್ದೆ. ಅವಳು ಗೋಡೆಗೆ ಒರಗಿ ಕೂತು ಕಾಕಾನ ಕೈಯ ಚಮಚದ ದಾರಿ ಹಿಡಿದು ನೋಡುತ್ತಿದ್ದಳು. ಚಮಚ ಇಳಿದಲ್ಲೆಲ್ಲ ಪದರು ಕಾಣುತ್ತಿತ್ತು: ಕಂದು, ಬಿಳಿ, ಕಂದು, ಬಿಳಿ, ಗೆರೆ ಹೊಡೆದಂತೆ. ಕೆನೆ ಜಾರಿರಲಿಲ್ಲ, ಬಿಸ್ಕೀಟು ನೀರು ಬಿಟ್ಟಿರಲಿಲ್ಲ. ಬಹಳ ಸರಿಯಾಗಿ ಬಂದಿತ್ತು.

ಇನ್ನೊಂದು ಮಾಡಲು ಕೆನೆ ಇರಲಿಲ್ಲ. ಇದ್ದಿದ್ದರೂ ಸೋಸಲು ಒಂದು ರಾತ್ರಿ, ಕಟ್ಟಿದ ಮೇಲೆ ಹೊಂದಿಕೊಳ್ಳಲು ಅರ್ಧ ದಿನ ಬೇಕು. ಅಕ್ಕ ಮ್ಯಾನೇಜರಿಗೆ ಫೋನು ಮಾಡಿ ಆದದ್ದನ್ನೆಲ್ಲ ಇದ್ದ ಹಾಗೆ ಹೇಳಿದಳು, ಮುಂದಿನ ವಾರ ತರುತ್ತೇನೆ ಎಂದಳು. ಮಾಲೀಕರು ಭಾನುವಾರ ವಾಪಸು ಹೋಗುತ್ತಾರೆ, ಮತ್ತೆ ಬಂದಾಗ ತಿಳಿಸುತ್ತೇವೆ ಎಂದರು ಅವರು. ಮತ್ತೆ ತಿಳಿಸಲಿಲ್ಲ. ಅಲ್ಲಿಗೆ ಈಗ ಗೋವಾದಿಂದ ಡಬ್ಬಿಯಲ್ಲಿ ಸಿಹಿ ಬರುತ್ತದಂತೆ.

ನನ್ನ ಸಿಟ್ಟು ಕಾಕಾನ ಮೇಲೆ ಮಾತ್ರ ಎಂದು ಯಾರೂ ತಿಳಿಯಬಾರದು. ಆಯಿಯ ತೀರ್ಪನ್ನು ನಮ್ಮ ಬಳಗವೆಲ್ಲ ಇವತ್ತಿಗೂ ಹೊಗಳುತ್ತದೆ, ಏನು ತಲೆ, ಏನು ನ್ಯಾಯ ಎಂದು. ಯಾರಿಗೆ ನ್ಯಾಯ? ಶಿವನಿಗೆ ಸಿಕ್ಕಿತು. ಪ್ರಸಾದಕ್ಕೆ ಸಿಕ್ಕಿತು, ಒಂದು ಮೂಲೆಯೂ ಹಾಳಾಗಲಿಲ್ಲ. ಕಾಕಾನಿಗಂತೂ ಜೀವನಪೂರ್ತಿ ಹೇಳಿಕೊಳ್ಳಲು ಕಥೆ ಸಿಕ್ಕಿತು. ಅಕ್ಕನಿಗೆ ತೊಳೆಯಲು ಖಾಲಿ ಟ್ರೇ ಸಿಕ್ಕಿತು. ಇದನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದೆನೋ ಅಷ್ಟು ಸಲ, "ಆಕೀನ ಸುಮ್ಮನಿದ್ದಾಳ, ನಿಂದೇನ ಗದ್ದಲ?" ಎಂಬ ಉತ್ತರ ಬಂತು. ಒಬ್ಬರು ಸುಮ್ಮನಿದ್ದರೆ ಅವರಿಗೆ ನೋವಾಗಿಲ್ಲ ಎಂದು ಲೆಕ್ಕ ಹಾಕುವ ಮನೆ ನಮ್ಮದು. ಅದೇ ಲೆಕ್ಕದಿಂದ ತಾನೇ ಬಾಟಲಿಯೂ ಪಂಪಿನ ಹಿಂದೆ ಅಷ್ಟು ವರ್ಷ ಸುಖವಾಗಿದ್ದದ್ದು.

ಈ ಬೇಸಿಗೆಯಲ್ಲಿ ಮುಂಡಗೋಡಿನಲ್ಲಿ ನೆಂಟರ ಮನೆಯ ವಾಸ್ತುಶಾಂತಿ ಇತ್ತು. ಊಟವಾದ ಮೇಲೆ ಚಾಪೆ ಹಾಸಿ ಎಲ್ಲರೂ ಕೂತಿದ್ದರು. ಕಾಕಾ ಶುರು ಮಾಡಿದ. ಚಕ್ಕಳಮಕ್ಕಳ ಹಾಕಿ ತೋರಿಸಿದ, ಬೆರಳು ನೆಕ್ಕಿ ತೋರಿಸಿದ, ಆಯಿಯ ದನಿ ತೆಗೆದು "ಮೂಲಿ ಬಿಡಬ್ಯಾಡ" ಎಂದ. ಮುದುಕರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಲ್ಲಿ ಕೂತಿದ್ದ ಆಯಿಯೂ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಅಕ್ಕ ಎಲೆ ಅಡಿಕೆಯ ತಟ್ಟೆ ಹಿಡಿದು ಹಂಚುತ್ತ ಬರುತ್ತಿದ್ದಳು. ಕಾಕಾನ ಮುಂದೆ ಬಂದು ನಿಂತಳು.

"ಮುಂದಿಂದು ಹೇಳ್ರಿ ಕಾಕಾ."

"ಮುಂದೇನ? ಮೂರು ದಿನಾ ಹೊಟ್ಟಿ..."

"ಅದಲ್ಲ. ಆಮ್ಯಾಲ ನನ್ನ ಕೆಲಸ ಹೋತಲ್ಲ, ಅದು. ಅದನ್ನೂ ಹೇಳ್ರಿ. ನಾನೂ ಕೇಳತೀನಿ."

ಯಾರೂ ನಗಲಿಲ್ಲ. ಕಾಕಾ ತಟ್ಟೆಯಿಂದ ಎಲೆ ತೆಗೆದುಕೊಂಡ, ಮತ್ತೆ ಅಲ್ಲೇ ಇಟ್ಟ. ನಾನು ಇಷ್ಟು ತಿಂಗಳು ಅರಚಿ ಆಗದ್ದು ಅವಳ ಒಂದು ಮಾತಿಗೆ ಆಯಿತು.

"ಏನ್ ಬೇಕ ನಿನಗೀಗ?" ಎಂದಳು ಆಯಿ, ಮೆಲ್ಲಗೆ.

"ಹಿಂದಿನ ಖೋಲಿ ಬೇಕು. ಅಲ್ಲೆ ನನ್ನ ಒಲಿ, ನನ್ನ ಫ್ರಿಜ್ಜು. ಕೀಲಿ ನನ್ನ ಕಡೆ ಇರಬೇಕು. ದೇವರಿಗೆ ಎಡಿ ಬೇಕಂದ್ರ ನಾ ಕೊಟ್ಟಾಗ ಹಿಡೀರಿ."

"ಗಾಡಿ ಎಲ್ಲಿ ನಿಲ್ಲಸ್ಲಿ?" ಎಂದ ಕಾಕಾ.

"ಹೊರಗ" ಎಂದಳು ಆಯಿ.

"ಮಳಿ ಬರತೈತಲ್ಲ?"

"ಬರಲಿ."

ಖೋಲಿಗೆ ಸುಣ್ಣ ಹೊಡೆದದ್ದು ನಾನು ಮತ್ತು ಅಕ್ಕ. ರಬ್ಬರಿನ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಮುಂಡಗೋಡಿನ ಟಿಬೆಟನ್ ಕಾಲೊನಿಯ ಒಂದು ಕಾಫಿ ಅಂಗಡಿಯವರು ಶನಿವಾರಕ್ಕೆ ಒಂದು ಟ್ರೇ ತೆಗೆದುಕೊಳ್ಳುತ್ತಾರೆ, ಒಂದೇ. ರಿಸಾರ್ಟಿನ ಕೆಲಸಕ್ಕೆ ಅದು ಸಮವಲ್ಲ, ಸಮ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ತಯಾರಿದ್ದೇನೆ. ಕೀಲಿ ಅಕ್ಕನ ಸೊಂಟದಲ್ಲಿದೆ.

ಕಾಕಾ ಆ ಕಥೆ ಹೇಳುವುದನ್ನು ಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. ಹೇಳುತ್ತಾನೆ, ಅಕ್ಕ ಇಲ್ಲದ ಕಡೆ. ಮಳೆ ಶುರುವಾದಾಗ ಮಾತ್ರ ಎಲ್ಲಿದ್ದರೂ ಓಡಿ ಬಂದು ಗಾಡಿಯ ಸೀಟಿನ ಮೇಲೆ ಗೊಬ್ಬರದ ಚೀಲ ಹೊದಿಸುತ್ತಾನೆ. ಗಾಳಿಗೆ ಅದು ಹಾರುತ್ತದೆ, ಅವನು ಮತ್ತೆ ಹಿಡಿದು ಹೊದಿಸುತ್ತಾನೆ. ನಾನು ಕಿಟಕಿಯಲ್ಲಿ ನಿಂತು ನೋಡುತ್ತೇನೆ. ಸಹಾಯಕ್ಕೆ ಹೋಗುವುದಿಲ್ಲ.